ಬೀಸುವ ಪದಕ್ಕೆ ಶಾಶ್ವತ ವಿಳಾಸ ಕೊಟ್ಟ ಮೇಲೆ

ನಮ್ಮೂರಿನ ಹಿರಿಯ ಹೆಣ್ಣುಮಕ್ಕಳು ಹಾಡಿದ ಬೀಸುವ ಪದಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಒಂದು ಪುಟ್ಟ ಜಾಲತಾಣ ಮಾಡಿದ್ದೆ. ಒಂದು ವರ್ಷ ಬಾಡಿಗೆ ಕಟ್ಟುವುದು ಮರೆತುಹೋಯಿತು. ಹೋಸ್ಟಿಂಗ್ ಕಂಪನಿ ಅಷ್ಟನ್ನೂ ಅಳಿಸಿತ್ತು. ಪುಣ್ಯಕ್ಕೆ ಹಾರ್ಡ್ ಡಿಸ್ಕ್‌ನಲ್ಲಿ ಪ್ರತಿ ಇತ್ತು. ಇನ್ನು ಯಾರ ಹಂಗೂ ಬೇಡವೆಂದು, ಒಂದೇ ಕಂಪನಿಯ ಸರ್ವರ್ ನೆಚ್ಚದೆ ಜನರ ಕಂಪ್ಯೂಟರುಗಳ ನಡುವೆಯೇ ಕಡತ ಹಂಚುವ ಐಪಿಎಫ್‌ಎಸ್ ಎಂಬ ಜಾಲವನ್ನು ಹಿಡಿದೆ.

ಅಲ್ಲಿ ಕಡತದ ವಿಳಾಸ ಹುಟ್ಟುವುದೇ ಅದರೊಳಗಿನ ವಿಷಯದಿಂದ. ಒಂದಕ್ಷರ ಬದಲಾದರೆ ವಿಳಾಸವೂ ಬೇರೆ. ಅದು ಯಾರ ಕಂಪ್ಯೂಟರಿನಲ್ಲಿದ್ದರೂ ಅಲ್ಲಿಂದ ತರಿಸಿಕೊಳ್ಳಬಹುದು. 2017ರ ಏಪ್ರಿಲ್‌ನಲ್ಲಿ ಟರ್ಕಿ ಸರ್ಕಾರ ವಿಕಿಪೀಡಿಯಾಕ್ಕೆ ತಡೆ ಹಾಕಿದಾಗ ಅದರ ಟರ್ಕಿಶ್ ಆವೃತ್ತಿಯ ಪ್ರತಿಯನ್ನು ಹೀಗೆಯೇ ಉಳಿಸಿಟ್ಟರು. ತಡೆ ತೆರವಾದದ್ದು 2020ರ ಜನವರಿಯಲ್ಲಿ. ಅದನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಆದರೆ ನನ್ನ ಮನೆಯಲ್ಲಿ ಕರೆಂಟು ಹೋದರೆ ತಾಣವೂ ಹೋಗುತ್ತಿತ್ತು. ಹಳೆಯ ಲ್ಯಾಪ್‌ಟಾಪ್ ಹಗಲಿರುಳು ಕಾದು ಕೆಂಡವಾಗುತ್ತಿತ್ತು. ಕೇಳಿದವರ ಬಳಿಯೂ ಪ್ರತಿ ಉಳಿಯುತ್ತದೆಂಬ ಮಾತನ್ನು ನಂಬಿದ್ದೆ. ಬಹುತೇಕರು ಗೇಟ್‌ವೇ, ಅಂದರೆ ಆ ಜಾಲದ ಕಡತವನ್ನು ಮಾಮೂಲಿ ಬ್ರೌಸರಿಗೆ ತಂದುಕೊಡುವ ನಡುವಣ ತಾಣದ ಮೂಲಕ ಮೊಬೈಲಿನಲ್ಲಿ ಕೇಳುತ್ತಿದ್ದರು, ಅವರ ಬಳಿ ಏನೂ ಉಳಿಯುತ್ತಿರಲಿಲ್ಲ. ಬೇಕೆಂದೇ 'ಪಿನ್' ಮಾಡಿಟ್ಟರಷ್ಟೇ, ಅಂದರೆ ಅಳಿಸಬೇಡವೆಂದು ತಮ್ಮ ಕಂಪ್ಯೂಟರಿಗೆ ಹೇಳಿಟ್ಟರಷ್ಟೇ, ಉಳಿಯುವುದು ಖಚಿತ. ಇಬ್ಬರು ಗೆಳೆಯರು ಪಿನ್ ಮಾಡಿಕೊಂಡರು. ಅದೂ ಸಾಲದೆ ದುಡ್ಡು ಕೊಟ್ಟು ಪಿನ್ ಸೇವೆ ಪಡೆದೆ. ಬಾಡಿಗೆ ತಪ್ಪಲೇ ಇಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಒಂದು ಸಂಜೆ, ಹಾಡಿದವರೊಬ್ಬರ ಮಗಳು ಫೋನ್ ಮಾಡಿದಳು. "ಅಣ್ಣಾ, ಅವ್ವ ಹಾಡಿದ ಮೂರನೆಯ ಪದ ತೆಗೆದುಬಿಡಿ. ಅದರಲ್ಲಿ ಅತ್ತೆಮನೆಯವರ ಹೆಸರಿದೆ."

ಮತ್ತೆ ಕೇಳಿದೆ. ಕಲ್ಲಿನ ಗರಗರ ಸದ್ದಿನ ನಡುವೆ ಆ ತಾಯಿ ಹೆಸರು ಹಿಡಿದೇ ಸಂಕಟ ತೋಡಿಕೊಂಡಿದ್ದರು. ಬೀಸುವ ಕಲ್ಲಿನ ಮುಂದೆ ಹೇಳಿಕೊಂಡದ್ದು ಊರಿಗೆಲ್ಲ ಕೇಳಲೆಂದಲ್ಲ. ನಾನು ಹಾಡು ಮುದ್ರಿಸಿಕೊಳ್ಳಲು ಒಪ್ಪಿಗೆ ಕೇಳಿದ್ದೆ, ಎಂದೂ ಅಳಿಸಲಾಗದಂತೆ ಹಂಚಲು ಕೇಳಿರಲಿಲ್ಲ. ಈ ತಪ್ಪು ತಂತ್ರಜ್ಞಾನದ್ದಲ್ಲ, ನನ್ನದು.

ನನ್ನ ಪ್ರತಿ ತೆಗೆದೆ, ಸೇವೆಯಿಂದ ತೆಗೆಸಿದೆ, ಗೆಳೆಯರೂ ಅಳಿಸಿದರು. ವಿಳಾಸ ಆಗಲೇ ಎಷ್ಟೋ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿತ್ತು. ಇನ್ನಾರು ಪಿನ್ ಮಾಡಿಟ್ಟಿದ್ದಾರೋ ತಿಳಿಯುವ ದಾರಿಯಿಲ್ಲ. "ತೆಗೆದಿದ್ದೇನೆ ತಂಗಿ" ಎಂದು ನಿಶ್ಚಿಂತೆಯಿಂದ ಹೇಳಲು ನನಗೆ ಬಾಯಿ ಬರಲಿಲ್ಲ.

ಸರ್ಕಾರ ಅಳಿಸಬಾರದ ಜ್ಞಾನಕ್ಕೆ ಈ ವ್ಯವಸ್ಥೆ ಬೇಕೇ ಬೇಕು. ಹಕ್ಕುಸ್ವಾಮ್ಯ ಮುಗಿದ ಹಳೆಯ ನಿಘಂಟುಗಳನ್ನು ಈಗಲೂ ಅಲ್ಲಿಯೇ ಹಂಚುತ್ತಿದ್ದೇನೆ. ಪದಗಳು ಮಾತ್ರ ಬಾಡಿಗೆಯ ಸರ್ವರ್‌ಗೆ ಮರಳಿವೆ. ಉಳಿದವರ ಮನೆಗಳಿಗೆ ಹೋಗಿ ಒಂದೊಂದನ್ನೇ ಕೇಳಿಸಿ, ಇರಲೋ ಬೇಡವೋ ಎಂದು ವಿಚಾರಿಸುತ್ತಿದ್ದೇನೆ. ಇನ್ನೂ ಏಳು ಮನೆ ಬಾಕಿ ಇವೆ.