ಯೋಬನಿಗೆ ಸಿಕ್ಕ ಉತ್ತರ ಸಾಕೇ?

ಪರ: ಸಾಕು

ಬೈಬಲಿನ ಯೋಬನ ಪುಸ್ತಕದಲ್ಲಿ ಯೋಬ ತಪ್ಪು ಮಾಡದೆಯೇ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು, ಯಾಕೆ ಅಂತ ದೇವರನ್ನು ಕೇಳುತ್ತಾನೆ. ಯೋಬ ಅಂದರೆ ತಾಳ್ಮೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಮೊದಲ ಎರಡು ಅಧ್ಯಾಯ ಓದಿ ನಿಲ್ಲಿಸಿದರೆ ಹಾಗೇ ಅನಿಸುತ್ತದೆ. ಮೂರನೆಯದರಲ್ಲಿ ಅವನು ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. ಬೂದಿಯಲ್ಲಿ ಕೂತು, ಬೋಕಿಯಿಂದ ಹುಣ್ಣು ಕೆರೆದುಕೊಂಡ ಮನುಷ್ಯ ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ.

ಗೆಳೆಯರು ಬಂದು ಏಳು ದಿನ, ಏಳು ರಾತ್ರಿ ಸುಮ್ಮನೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಸಂಪ್ರದಾಯ ಪಾಲಿಸುವ ಯೆಹೂದ್ಯರು ಇವತ್ತಿಗೂ ಸಾವಿನ ಮನೆಗೆ ಹೋದಾಗ, ದುಃಖದಲ್ಲಿರುವವರು ಬಾಯಿ ಬಿಡುವವರೆಗೆ ತಾವು ಮಾತಾಡುವುದಿಲ್ಲ. ಇಲ್ಲಿಂದಲೇ ಕಲಿತದ್ದು ಅದು. ಆದರೆ ಆ ಗೆಳೆಯರು ಬಾಯಿ ತೆರೆದದ್ದೇ ಕೆಟ್ಟಿತು. ಎಲೀಫಜ, ಬಿಲ್ದದ, ಚೋಫರ ಮೂವರದ್ದೂ ಒಂದೇ ರಾಗ: ನೀನು ಏನೋ ಪಾಪ ಮಾಡಿರಬೇಕು. ಕೊನೆಗೆ ದೇವರು ಸಿಟ್ಟಾಗುವುದು ಇವರ ಮೇಲೆ. ಸರಿಯಾಗಿ ಮಾತಾಡಿದವನು ಯೋಬನೇ ಅನ್ನುತ್ತಾನೆ. ಕಷ್ಟಪಟ್ಟವನೇ ತಪ್ಪಿತಸ್ಥ ಅನ್ನುವ ವಾದ ಅಲ್ಲಿಗೆ ಮುರಿದುಬಿತ್ತು. ನನಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ.

ವಿರೋಧ: ಸಾಲದು

ಗೆಳೆಯರ ಬಾಯಿ ಮುಚ್ಚಿಸಿದ್ದು ಸರಿ. ಯೋಬ ಕೇಳಿದ್ದು ಅದನ್ನಲ್ಲ, ತನಗೆ ಯಾಕೆ ಹೀಗಾಯಿತು ಅಂತ. ಬಿರುಗಾಳಿಯೊಳಗಿಂದ ದೇವರು ಕೊಟ್ಟದ್ದು ಮರುಪ್ರಶ್ನೆ: ನಾನು ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ? ಮಕ್ಕಳನ್ನು ಕೊಂದದ್ದೂ ಗಾಳಿಯೇ ಅಲ್ವಾ. ಅವರೆಲ್ಲ ತಮ್ಮ ಹಿರಿಯಣ್ಣನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಮರುಭೂಮಿಯ ಕಡೆಯಿಂದ ಬೀಸಿ ಮನೆಯನ್ನೇ ಕೆಡವಿತು.

ಹೀಬ್ರುವಿನ ಒಂದು ಪದ ನನ್ನನ್ನು ಬಿಡುವುದಿಲ್ಲ: ಹಿನ್ನಾಮ್, ಅಂದರೆ ಸುಮ್ನೆ, ಕಾರಣವಿಲ್ಲದೆ. ಯೋಬ ಸುಮ್ನೆ ದೇವರಿಗೆ ನಡೆದುಕೊಳ್ಳುತ್ತಾನಾ ಅಂತ ಸೈತಾನ ಮೊದಲು ದೇವರನ್ನು ಕೇಳುತ್ತಾನೆ. ಎರಡನೇ ಅಧ್ಯಾಯದಲ್ಲಿ ಅದೇ ಪದ ದೇವರ ಬಾಯಲ್ಲಿ ಬರುತ್ತದೆ: ಇವನನ್ನು ಹಿನ್ನಾಮ್ ಹಾಳುಮಾಡುವಂತೆ ನೀನು ನನ್ನನ್ನು ಎತ್ತಿಕಟ್ಟಿದೆ. ಓದುವ ನಮಗೆ ಇದು ಗೊತ್ತು. 42 ಅಧ್ಯಾಯ ಮುಗಿದರೂ ಯೋಬನಿಗೆ ಯಾರೂ ಹೇಳುವುದಿಲ್ಲ.

ಕೊನೆಗೆ ಎಲ್ಲವೂ ಇಮ್ಮಡಿ. 7,000 ಕುರಿ ಇದ್ದದ್ದು 14,000, 3,000 ಒಂಟೆ ಇದ್ದದ್ದು 6,000. ಮಕ್ಕಳು ಮಾತ್ರ ಮೊದಲಿನಷ್ಟೇ, 7 ಗಂಡು, 3 ಹೆಣ್ಣು. ಸತ್ತವರು ದೇವರ ಬಳಿ ಇದ್ದಾರೆ, ಹಾಗಾಗಿ ಅವರೂ ಲೆಕ್ಕಕ್ಕೆ ಬಂದರು ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಪುಸ್ತಕ ಹಾಗೆ ಹೇಳುವುದಿಲ್ಲ. ಮಕ್ಕಳ ಔತಣದ ಸರದಿ ಮುಗಿದಾಗಲೆಲ್ಲ ಮುಂಜಾನೆ ಎದ್ದು, ಒಬ್ಬೊಬ್ಬರಿಗೂ ಬೇರೆಬೇರೆ ಹೋಮ ಮಾಡುತ್ತಿದ್ದ ಅಪ್ಪ ಅವನು. ಆಮೇಲೆ ಹುಟ್ಟಿದ ಹೆಣ್ಣುಮಕ್ಕಳು ಯೆಮೀಮ, ಕೆಚೀಯ, ಕೆರೆನ್ಹಪ್ಪೂಕ್. ಸತ್ತ ಹತ್ತು ಮಕ್ಕಳ ಹೆಸರು ಎಲ್ಲೂ ಇಲ್ಲ.