ಹೆಚ್ಚು ಕೊಟ್ಟರೆ ಕೆಡುವವರು, ಕಡಿಮೆ ಕೊಟ್ಟರೆ ಓಡುವವರು

ಮನುಷ್ಯರಲ್ಲಿ ಎರಡು ಪ್ರಭೇದಗಳಿವೆ ಎಂಬುದನ್ನು ಜೀವಶಾಸ್ತ್ರದ ಪುಸ್ತಕಗಳು ಇನ್ನೂ ಒಪ್ಪಿಕೊಂಡಿಲ್ಲ. ಸಂಬಳ ನಿಗದಿ ಮಾಡುವವರಿಗೆ ಮಾತ್ರ ಇದು ಎಂದೋ ಗೊತ್ತಿರುವ ಸಂಗತಿ. ಮೊದಲ ಪ್ರಭೇದಕ್ಕೆ ದುಡ್ಡು ಕೊಟ್ಟಷ್ಟೂ ಹುರುಪು ಹೆಚ್ಚುತ್ತದೆ. ಒಂದಿಷ್ಟು ಕಡಿಮೆಯಾದರೆ ಮುನಿಸಿಕೊಂಡು ಬೇರೆ ಕಂಪನಿಗೋ ಬೇರೆ ದೇಶಕ್ಕೋ ಹಾರಿಬಿಡುತ್ತದೆ. ಎರಡನೆಯದಕ್ಕೆ ಹೆಚ್ಚು ಕೊಟ್ಟರೆ ಸೋಮಾರಿತನ, ದುಂದುವೆಚ್ಚ, ಅಹಂಕಾರ ಮೂರೂ ಒಟ್ಟಿಗೇ ಅಂಟಿಕೊಳ್ಳುತ್ತವೆ. ಕಡಿಮೆ ಕೊಟ್ಟಾಗಲೇ ಅದು ಹೊತ್ತಿಗೆ ಸರಿಯಾಗಿ ಬಂದು, ತಲೆ ತಗ್ಗಿಸಿ ದುಡಿಯುತ್ತದೆ. ಮೊದಲನೆಯದು ಸಾಮಾನ್ಯವಾಗಿ ಕಟ್ಟಡದ ಕೊನೆಯ ಮಹಡಿಯಲ್ಲಿ ಕಾಣಸಿಗುತ್ತದೆ. ಉಳಿದ ಮಹಡಿಗಳಲ್ಲೆಲ್ಲ ಎರಡನೆಯದೇ.

ವರ್ಷಕ್ಕೊಮ್ಮೆ ಒಂದೇ ಕಚೇರಿಯಿಂದ ಹೊರಡುವ ಎರಡು ಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಸಾಕು, ನಂಬಿಕೆ ಬರುತ್ತದೆ. ನೌಕರನಿಗೆ ಬರುವ ಪತ್ರ ಹೀಗಿರುತ್ತದೆ: ‘ಆರ್ಥಿಕ ಪರಿಸ್ಥಿತಿ ಸವಾಲಿನದಾಗಿರುವುದರಿಂದ ಈ ಸಾಲಿನಲ್ಲಿ ವೇತನ ಹೆಚ್ಚಳ ಸಾಧ್ಯವಾಗುತ್ತಿಲ್ಲ, ನಿಮ್ಮ ಬದ್ಧತೆಯನ್ನು ಸಂಸ್ಥೆ ಮನಸಾರೆ ಮೆಚ್ಚುತ್ತದೆ.’ ಅದೇ ಮುದ್ರಣಯಂತ್ರದಿಂದ, ಅದೇ ವಾರ, ಷೇರುದಾರರಿಗೆ ಹೋಗುವ ವರದಿ ಹೀಗಿರುತ್ತದೆ: ‘ಆರ್ಥಿಕ ಪರಿಸ್ಥಿತಿ ಸವಾಲಿನದಾಗಿದ್ದರೂ ಸಂಸ್ಥೆಯನ್ನು ಸಮರ್ಥವಾಗಿ ಮುನ್ನಡೆಸಿದ್ದಕ್ಕಾಗಿ ಮುಖ್ಯ ಕಾರ್ಯನಿರ್ವಾಹಕರಿಗೆ ವಿಶೇಷ ಪ್ರೋತ್ಸಾಹಧನ ನೀಡಲಾಗಿದೆ.’ ಸವಾಲು ಇಬ್ಬರಿಗೂ ಒಂದೇ. ಒಬ್ಬನಿಗೆ ಅದು ಕೊಡದಿರಲು ಕಾರಣ, ಇನ್ನೊಬ್ಬನಿಗೆ ಕೊಡಲು ಕಾರಣ. ನೌಕರನಿಗೆ ಏನೂ ಸಿಗಲಿಲ್ಲ ಎನ್ನುವಂತಿಲ್ಲ. ‘ತಿಂಗಳ ಉತ್ತಮ ನೌಕರ’ ಎಂಬ ಚೌಕಟ್ಟಿನಲ್ಲಿ ಅವನ ಭಾವಚಿತ್ರ ಲಿಫ್ಟಿನ ಪಕ್ಕದಲ್ಲಿ ಮೂವತ್ತು ದಿನ ತೂಗುತ್ತದೆ. ಪಕ್ಕದ ಗೋಡೆಯ ಮೇಲೆ ‘ಕಾಯಕವೇ ಕೈಲಾಸ’ ಎಂದು ದಪ್ಪ ಅಕ್ಷರಗಳಲ್ಲಿ ಬರೆಸಲು ಯಾವ ಆಡಳಿತ ಮಂಡಳಿಯೂ ಹಿಂದೆಮುಂದೆ ನೋಡುವುದಿಲ್ಲ. ಕಾಯಕದ ಜೊತೆಗೇ ಬಂದ ದಾಸೋಹಕ್ಕೆ ಮಾತ್ರ ಯಾಕೋ ಗೋಡೆಯಲ್ಲಿ ಜಾಗ ಸಾಲುವುದಿಲ್ಲ.

ಕೆಳಗಿನ ಪ್ರಭೇದ ಹೆಚ್ಚು ಹಣಕ್ಕೆ ಕೆಡುತ್ತದೆಯೇ ಎಂಬುದನ್ನು ಶಾಸ್ತ್ರೋಕ್ತವಾಗಿ ಪರೀಕ್ಷೆಗೆ ಒಡ್ಡಿದ ಕೀರ್ತಿ ಹೆನ್ರಿ ಫೋರ್ಡ್ ಅವರಿಗೆ ಸಲ್ಲಬೇಕು. 1914ರ ಜನವರಿಯಲ್ಲಿ ಅವರ ಕಾರಿನ ಕಾರ್ಖಾನೆ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿತು. ಅಲ್ಲಿಯವರೆಗೆ ಸಿಗುತ್ತಿದ್ದುದರ ಸುಮಾರು ಎರಡು ಪಟ್ಟು. ಜಗತ್ತು ಇದನ್ನು ಔದಾರ್ಯ ಎಂದು ಕರೆಯಿತು. ಹಿಂದಿನ ವರ್ಷ ಆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವರು ಕಾರು ಜೋಡಣೆಯ ಚಲಿಸುವ ಪಟ್ಟಿಯ ಮುಂದೆ ನಿಲ್ಲಲಾರದೆ ಗುಂಪುಗುಂಪಾಗಿ ಬಿಟ್ಟುಹೋಗುತ್ತಿದ್ದರು, ಹೊಸಬರನ್ನು ಹಿಡಿದು ತಂದು ಕಲಿಸುವುದೇ ಕಂಪನಿಗೆ ದೊಡ್ಡ ಖರ್ಚಾಗಿತ್ತು ಎಂಬುದು ಹೊಗಳಿಕೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಇರಲಿ, ಕೊಟ್ಟದ್ದಂತೂ ನಿಜ. ಆದರೆ ಐದರಲ್ಲಿ ಸುಮಾರು ಅರ್ಧ ಮಾತ್ರ ಕೂಲಿ. ಉಳಿದದ್ದು ‘ಲಾಭದ ಪಾಲು’. ಸನ್ನಡತೆಯಿಂದ ಬಾಳುವವರಿಗಷ್ಟೇ ಅದು. ಸನ್ನಡತೆಯನ್ನು ಅಳೆಯಲು ಕಂಪನಿಯಲ್ಲಿ ‘ಸಮಾಜಶಾಸ್ತ್ರ ವಿಭಾಗ’ ಎಂಬ ಹೊಸ ವಿಭಾಗವೇ ಹುಟ್ಟಿಕೊಂಡಿತು. ಅದರ ತನಿಖಾಧಿಕಾರಿಗಳು ಕಾರ್ಮಿಕರ ಮನೆ ಬಾಗಿಲು ತಟ್ಟಿ ಒಳಗೆ ಬಂದು ವಿಚಾರಿಸುತ್ತಿದ್ದರು: ಮನೆ ಚೊಕ್ಕಟವಾಗಿದೆಯೇ, ಯಜಮಾನ ಕುಡಿಯುತ್ತಾನೆಯೇ, ಜೂಜಾಡುತ್ತಾನೆಯೇ, ಬ್ಯಾಂಕಿನಲ್ಲಿ ಉಳಿತಾಯ ಎಷ್ಟಿದೆ, ಬಾಡಿಗೆಗೆ ಪರರನ್ನು ಇಟ್ಟುಕೊಂಡಿದ್ದಾನೆಯೇ.

ಈ ಪದ್ಧತಿಯನ್ನು ಕೈಬಿಟ್ಟದ್ದು ದೊಡ್ಡ ನಷ್ಟ ಎಂದು ನನ್ನ ಖಚಿತ ಅಭಿಪ್ರಾಯ. ತಪಾಸಣೆ ಕೆಟ್ಟದ್ದಲ್ಲ, ಹೋದ ವಿಳಾಸ ತಪ್ಪು. ಇಷ್ಟೊಂದು ಹಣ ಕೊಟ್ಟ ಮೇಲೆ ಅದು ಮನುಷ್ಯನನ್ನು ಕೆಡಿಸಿತೋ ಇಲ್ಲವೋ ಎಂದು ನೋಡಿಕೊಂಡು ಬರುವ ಹೊಣೆ ಷೇರುದಾರರಿಗೆ ಇಲ್ಲವೇ? ಆದ್ದರಿಂದ ಸಮಾಜಶಾಸ್ತ್ರ ವಿಭಾಗವನ್ನು ಪುನಃ ತೆರೆದು, ಒಬ್ಬ ತನಿಖಾಧಿಕಾರಿಯ ಕೈಗೆ ಪುಸ್ತಕ, ಪೆನ್ಸಿಲ್ ಕೊಟ್ಟು ಕೊನೆಯ ಮಹಡಿಯವರ ಮನೆಗೆ ಕಳಿಸಬೇಕು. ಗೇಟಿನಿಂದ ಬಾಗಿಲು ತಲಪುವಷ್ಟರಲ್ಲೇ ಅವನ ಮೊದಲ ಪುಟ ತುಂಬುತ್ತದೆ. ‘ಮನೆಯಲ್ಲಿ ಎಷ್ಟು ಜನ?’ ‘ಮೂವರು.’ ‘ಕೋಣೆಗಳು?’ ‘ಯಾವ ಮನೆಯವು?’ ‘ಉಳಿತಾಯ?’ ‘ಯಾವ ದೇಶದ್ದು?’ ‘ಜೂಜಾಡುವ ಅಭ್ಯಾಸವಿದೆಯೇ?’ ಇಲ್ಲಿ ಸ್ವಲ್ಪ ಮೌನ. ‘ಅದಕ್ಕೆ ನಾವು ಹೂಡಿಕೆ ಎನ್ನುತ್ತೇವೆ, ಮತ್ತು ಅದು ಕಂಪನಿಯ ದುಡ್ಡಿನಲ್ಲಿ.’ ಮಕ್ಕಳು ದುಡಿಯುತ್ತಾರೆಯೇ ಎಂದು ಕೇಳಿದರೆ, ‘ಮಗ ಹೋದ ವಾರವಷ್ಟೇ ಉಪಾಧ್ಯಕ್ಷನಾಗಿ ಸೇರಿದ, ಕೆಳಗಿನಿಂದಲೇ ಕಲಿಯಲಿ ಎಂದು’ ಎಂಬ ಉತ್ತರ. ತನಿಖಾಧಿಕಾರಿ ವರದಿಯಲ್ಲಿ ಬರೆಯಬೇಕಾದ್ದು ಒಂದೇ ಸಾಲು: ಈ ವ್ಯಕ್ತಿಗೆ ಲಾಭದ ಪಾಲನ್ನು ಮುಂದಿನ ಆದೇಶದವರೆಗೆ ತಡೆಹಿಡಿಯತಕ್ಕದ್ದು.

ಅದೇ ಫೋರ್ಡ್ ಮುಂದೆ ಷೇರುದಾರರ ವಿಶೇಷ ಲಾಭಾಂಶವನ್ನು ನಿಲ್ಲಿಸಿ, ಹಣವನ್ನು ಕಾರ್ಖಾನೆ ಬೆಳೆಸಲು ಹಾಕುತ್ತೇನೆ ಎಂದಾಗ ಕಂಪನಿಯ ಷೇರುದಾರರಾಗಿದ್ದ ಡಾಡ್ಜ್ ಸಹೋದರರು ನ್ಯಾಯಾಲಯಕ್ಕೆ ಹೋದರು. 1919ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟು, ವ್ಯಾಪಾರಿ ಸಂಸ್ಥೆ ನಡೆಯುವುದು ಮುಖ್ಯವಾಗಿ ಷೇರುದಾರರ ಲಾಭಕ್ಕಾಗಿ ಎಂದು ಹೇಳಿ ಲಾಭಾಂಶ ಕೊಡಿಸಿತು. ಷೇರುದಾರರು ಕುಡಿಯುತ್ತಾರೆಯೇ, ಮನೆ ಚೊಕ್ಕಟವಾಗಿದೆಯೇ ಎಂದು ನ್ಯಾಯಮೂರ್ತಿಗಳು ಕೇಳಲಿಲ್ಲ.

ಇನ್ನು ಮೇಲಿನ ಪ್ರಭೇದದ ಹುರುಪಿನ ವಿಷಯ. ಜಗತ್ತಿನ ಅತಿ ಶ್ರೀಮಂತನಿಗೆ ಇನ್ನಷ್ಟು ಹುರುಪು ಬೇಕಾದರೆ ಎಷ್ಟು ಕೊಡಬೇಕು? 2025ರ ನವೆಂಬರಿನಲ್ಲಿ ಟೆಸ್ಲಾ ಷೇರುದಾರರು ಇದಕ್ಕೆ ಉತ್ತರ ಕೊಟ್ಟರು: ಗುರಿಗಳನ್ನೆಲ್ಲ ಮುಟ್ಟಿದರೆ ಹತ್ತು ವರ್ಷಗಳಲ್ಲಿ ಒಂದು ಲಕ್ಷ ಕೋಟಿ ಡಾಲರ್‌ವರೆಗೆ ಬೆಲೆಬಾಳುವ ಷೇರುಗಳು. ಕೊಡದಿದ್ದರೆ ಮುಖ್ಯಸ್ಥ ಎಲಾನ್ ಮಸ್ಕ್ ಬಿಟ್ಟುಹೋಗಬಹುದು ಎಂದು ಆಡಳಿತ ಮಂಡಳಿ ಮೊದಲೇ ಎಚ್ಚರಿಸಿತ್ತು. ನೌಕರನೊಬ್ಬ ‘ಸಂಬಳ ಹೆಚ್ಚಿಸದಿದ್ದರೆ ಬಿಟ್ಟುಹೋಗುತ್ತೇನೆ’ ಎಂದರೆ ಅದು ಬ್ಲ್ಯಾಕ್‌ಮೇಲ್. ಮೇಲಿನವರ ಬಾಯಲ್ಲಿ ಅದೇ ಮಾತು ಪ್ರತಿಭೆಯ ಲಕ್ಷಣ.

‘ಆದರೆ ಅಪಾಯ ಮೈಮೇಲೆ ಹಾಕಿಕೊಳ್ಳುವವರು ಅವರಲ್ಲವೇ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮನೆ ಅಡವಿಟ್ಟು ಪುಟ್ಟ ಉದ್ದಿಮೆ ತೆರೆದು, ಕೆಲಸದವರಿಗೆಲ್ಲ ಸಂಬಳ ಕೊಟ್ಟು ಉಳಿದರೆ ತಾನು ತೆಗೆದುಕೊಳ್ಳುವ ಮಾಲೀಕನ ವಿಷಯದಲ್ಲಿ ಈ ಮಾತು ನಿಜ, ಅವನ ಮುಂದೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ತೊಂದರೆಯೆಂದರೆ, ದೊಡ್ಡವರೆಲ್ಲ ತಮ್ಮ ಅಪಾಯದ ಲೆಕ್ಕ ಒಪ್ಪಿಸುವಾಗ ಇವನ ಮನೆಪತ್ರವನ್ನೇ ಎತ್ತಿ ತೋರಿಸುತ್ತಾರೆ. ಅವರ ಅಪಾಯ ಎಂಥದೆಂದು ನೋಡೋಣ. 2008ರಲ್ಲಿ ಮುಳುಗಲು ಹೊರಟ ಎಐಜಿ ವಿಮಾ ಕಂಪನಿಯನ್ನು ಅಮೆರಿಕ ಸರ್ಕಾರ 17 ಸಾವಿರ ಕೋಟಿ ಡಾಲರಿಗೂ ಹೆಚ್ಚಿನ ನೆರವು ಕೊಟ್ಟು ಎತ್ತಿ ಹಿಡಿಯಿತು. 2009ರ ಮಾರ್ಚಿನಲ್ಲಿ, ಕಂಪನಿಯನ್ನು ಮುಳುಗಿಸಿದ ಅದೇ ವಿಭಾಗದವರಿಗೆ 16.5 ಕೋಟಿ ಡಾಲರ್ ಬೋನಸ್ ಹೋಯಿತು. ಅವರು ಬಿಟ್ಟುಹೋಗದಿರಲಿ ಎಂದು ಕೊಟ್ಟ ಹಣ ಅದು. ತೂತು ಎಲ್ಲಿದೆ ಎಂದು ಕೊರೆದವರಿಗಲ್ಲದೆ ಬೇರೆ ಯಾರಿಗೆ ಗೊತ್ತಿರುತ್ತದೆ!

ಬೋಯಿಂಗ್‌ನದು ನಗುವ ಕತೆಯಲ್ಲ. 737 ಮ್ಯಾಕ್ಸ್ ವಿಮಾನಗಳ ಎರಡು ದುರಂತಗಳಲ್ಲಿ 346 ಜನ ಸತ್ತರು. 2019ರ ಡಿಸೆಂಬರಿನಲ್ಲಿ ಮುಖ್ಯಸ್ಥ ಡೆನಿಸ್ ಮುಯ್ಲೆನ್‌ಬರ್ಗ್ ಹುದ್ದೆ ಕಳೆದುಕೊಂಡರು. ಹೊರಡುವಾಗ ಷೇರು, ಪಿಂಚಣಿ ಸೇರಿ ಸುಮಾರು 6.2 ಕೋಟಿ ಡಾಲರ್ ಅವರದಾಯಿತು. ಮರುತಿಂಗಳು, ಆ ವಿಮಾನದ ತಯಾರಿಕೆ ನಿಂತದ್ದರಿಂದ, ಅದಕ್ಕೆ ಬಿಡಿಭಾಗ ಒದಗಿಸುವ ಸ್ಪಿರಿಟ್ ಏರೋಸಿಸ್ಟಮ್ಸ್ ಕಂಪನಿ 2,800 ಕಾರ್ಮಿಕರನ್ನು ಮನೆಗೆ ಕಳಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಲ್ಲಿ ಎತ್ತಿಗೆ ಬೋನಸ್ ಕೊಟ್ಟರೆಂದು ಹೇಳಿಲ್ಲ. ಗಾದೆ ಕಟ್ಟಿದವರ ಕಲ್ಪನೆಗೂ ಒಂದು ಮಿತಿ ಇತ್ತು.

ಸುಮ್ಮನಿರುವುದಕ್ಕೂ ಎರಡು ದರಗಳಿವೆ. ಸ್ವಿಟ್ಜರ್ಲೆಂಡಿನ ಔಷಧ ಕಂಪನಿ ನೊವಾರ್ಟಿಸ್‌ನ ಅಧ್ಯಕ್ಷ ಡೇನಿಯಲ್ ವಸೆಲಾ 2013ರಲ್ಲಿ ನಿವೃತ್ತರಾಗುವಾಗ, ಮುಂದಿನ ಆರು ವರ್ಷ ಪ್ರತಿಸ್ಪರ್ಧಿಗಳ ಬಳಿ ಹೋಗಬಾರದೆಂದು 7.2 ಕೋಟಿ ಫ್ರಾಂಕ್‌ಗಳ ಒಪ್ಪಂದವಾಗಿತ್ತು. ಜನ ರೊಚ್ಚಿಗೆದ್ದರು, ಅವರು ಹಣ ಬೇಡವೆಂದರು. ಅಮೆರಿಕದ ಜಿಮ್ಮಿ ಜಾನ್ಸ್ ಎಂಬ ಸ್ಯಾಂಡ್‌ವಿಚ್ ಮಳಿಗೆಗಳ ಸರಣಿಯಲ್ಲೂ ಇಂಥದೇ ಷರತ್ತು ಇತ್ತು: ಕೆಲಸ ಬಿಟ್ಟವರು ಎರಡು ವರ್ಷ ಹತ್ತಿರದ ಬೇರೆ ಸ್ಯಾಂಡ್‌ವಿಚ್ ಮಳಿಗೆಗೆ ಸೇರಬಾರದು. ಬ್ರೆಡ್ಡಿನ ನಡುವೆ ಸೊಪ್ಪು ಇಡುವ ರಹಸ್ಯ ಹೊರಗೆ ಸೋರಬಾರದಲ್ಲ! 2016ರಲ್ಲಿ ಸರ್ಕಾರಿ ವಕೀಲರು ಬೆನ್ನುಬಿದ್ದ ಮೇಲೆ ಷರತ್ತು ಹೋಯಿತು. ಇಲ್ಲಿ ಸುಮ್ಮನಿರುವುದಕ್ಕೆ ಕೊಡುತ್ತಿದ್ದುದು ಸೊನ್ನೆ ಡಾಲರ್.

ಈಗ ಕೂಲಿಯನ್ನು ನಿಗದಿ ಮಾಡುವುದು ಮಾಲೀಕನಲ್ಲ, ಮಾರುಕಟ್ಟೆ ಎಂಬ ವಾದಕ್ಕೆ ಬರೋಣ. ಮಾರುಕಟ್ಟೆಯ ಬಗ್ಗೆ ಮಾಲೀಕರು ಮಳೆಯ ಬಗ್ಗೆ, ಗ್ರಹಣದ ಬಗ್ಗೆ ಆಡುವಂತೆ ಮಾತಾಡುತ್ತಾರೆ. ಯಾರ ಕೈಯಲ್ಲೂ ಇಲ್ಲದ ಶಕ್ತಿ ಅದು. ಮಾಲೀಕರು ಎಲ್ಲೆಲ್ಲೂ ಯಾವಾಗಲೂ ಕೂಲಿ ಏರದಂತೆ ಒಳಗೊಳಗೇ ಒಂದಾಗಿರುತ್ತಾರೆ ಎಂದು 1776ರಲ್ಲೇ, ಮಾರುಕಟ್ಟೆಯ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಬರೆದಿದ್ದರು. ಅವರ ಹೆಸರಿನಲ್ಲಿ ಭಾಷಣ ಮಾಡುವವರು ಆ ಪುಟವನ್ನು ತಿರುಗಿಸಿದಂತಿಲ್ಲ. ಆದರೂ ಪಾಲಿಸಿದ್ದಾರೆ: ಆಪಲ್, ಗೂಗಲ್, ಇಂಟೆಲ್, ಅಡೋಬಿ ಕಂಪನಿಗಳು ಒಬ್ಬರ ಎಂಜಿನಿಯರ್‌ಗಳನ್ನು ಇನ್ನೊಬ್ಬರು ಸೆಳೆಯುವುದಿಲ್ಲವೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದವು ಎಂಬ ಮೊಕದ್ದಮೆ 2015ರಲ್ಲಿ 41.5 ಕೋಟಿ ಡಾಲರ್ ಪರಿಹಾರದೊಂದಿಗೆ ಮುಗಿಯಿತು.

ಮೇಲಿನವರ ಸಂಬಳಕ್ಕೆ ಬೇರೆಯೇ ಮಾರುಕಟ್ಟೆ. ಅಲ್ಲಿ ಒಂದು ಸಮಿತಿ ಕೂರುತ್ತದೆ. ಸಮಿತಿಯ ಸದಸ್ಯರು ಬಹುಪಾಲು ಬೇರೆ ಕಂಪನಿಗಳ ಮುಖ್ಯಸ್ಥರು, ಮಾಜಿ ಮುಖ್ಯಸ್ಥರು. ಸಲಹೆಗಾರನೊಬ್ಬ ಇತರ ಕಂಪನಿಗಳ ಪಟ್ಟಿ ತಂದಿಡುತ್ತಾನೆ. ‘ನಮ್ಮವರು ಸರಾಸರಿಯವರೇ?’ ಎಂದು ಅಧ್ಯಕ್ಷರು ಕೇಳುತ್ತಾರೆ. ಎಲ್ಲರ ಮುಖವೂ ಕಪ್ಪಿಡುತ್ತದೆ. ಸರಾಸರಿ ಮನುಷ್ಯನನ್ನು ನೇಮಿಸಿದೆವೆಂದು ಒಪ್ಪಿಕೊಳ್ಳುವವರು ಯಾರು? ಆದ್ದರಿಂದ ಸರಾಸರಿಗಿಂತ ಒಂದಿಷ್ಟು ಮೇಲೆ. ಪಕ್ಕದ ಕಂಪನಿಯಲ್ಲೂ ಅದೇ ದಿನ ಅದೇ ಪ್ರಶ್ನೆ, ಅದೇ ಉತ್ತರ. ಮುಂದಿನ ವರ್ಷ ಸಲಹೆಗಾರ ಹೊಸ ಪಟ್ಟಿ ತಂದಾಗ ಸರಾಸರಿ ಏರಿ ಕೂತಿರುತ್ತದೆ, ಮತ್ತೆ ನಮ್ಮವರು ಅದರ ಕೆಳಗೆ.

ಕೆಳಗಿನವರ ಕೂಲಿ ಏರಿಸಿದರೆ ಕೆಲಸಗಳೇ ಮಾಯವಾಗುತ್ತವೆ ಎಂಬ ಎಚ್ಚರಿಕೆಯೂ ಜೊತೆಗಿರುತ್ತದೆ. 1992ರಲ್ಲಿ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25ರಿಂದ 5.05 ಡಾಲರಿಗೆ ಏರಿಸಿದಾಗ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಲೆಕ್ಕ ಹಾಕಿ ನೋಡಿದರು. ಉದ್ಯೋಗ ಕುಗ್ಗಿದ್ದು ಕಾಣಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಮುಖ್ಯಸ್ಥರ ಸಂಬಳ ಏರಿಸಿದರೆ ಮುಖ್ಯಸ್ಥರ ಹುದ್ದೆಗಳು ಮಾಯವಾಗುತ್ತವೆ ಎಂದು ಮಾತ್ರ ಈವರೆಗೆ ಯಾರೂ ಹೆದರಿಸಿಲ್ಲ.

ಮುಖ್ಯಸ್ಥನ ಸಂಬಳ, ಸಂಬಳದ ಸಾಲಿನಲ್ಲಿ ನಟ್ಟನಡುವೆ ನಿಲ್ಲುವ ನೌಕರನದಕ್ಕಿಂತ ಎಷ್ಟು ಪಟ್ಟು ಎಂದು ಬಹಿರಂಗಪಡಿಸಿ ಎಂದು ಅಮೆರಿಕದಲ್ಲಿ 2010ರಲ್ಲಿ ಕಾನೂನಾಯಿತು. ಲೆಕ್ಕ ಬಹಳ ಕಷ್ಟ, ಖರ್ಚಿನದು ಎಂದು ಕಂಪನಿಗಳು ಗೋಳಾಡಿದ್ದರಿಂದ ಮೊದಲ ಅಂಕಿಗಳು ಹೊರಬರಲು 2018 ಆಯಿತು. ಗೋದಾಮಿನಲ್ಲಿ ಒಬ್ಬ ಹುಡುಗಿ ಎಷ್ಟು ನಿಮಿಷ ಸ್ಕ್ಯಾನರ್ ಕೆಳಗಿಟ್ಟಳು ಎಂದು ಹೇಳಬಲ್ಲ ಯಂತ್ರಗಳಿಗೆ ಈ ಒಂದು ಭಾಗಾಕಾರ ಬಗೆಹರಿಯಲಿಲ್ಲ. ವಸೆಲಾ ನಿವೃತ್ತರಾದ ಅದೇ 2013ರಲ್ಲಿ ಸ್ವಿಸ್ ಜನ ಇನ್ನೂ ಸರಳವಾದ ಲೆಕ್ಕದ ಮೇಲೆ ಮತ ಹಾಕಿದರು: ಕಂಪನಿಯ ಅತಿ ಕಡಿಮೆ ಸಂಬಳದವನು ವರ್ಷವಿಡೀ ಗಳಿಸುವುದಕ್ಕಿಂತ ಹೆಚ್ಚನ್ನು ಮುಖ್ಯಸ್ಥ ಒಂದು ತಿಂಗಳಲ್ಲಿ ಗಳಿಸಬಾರದು. ಸುಮಾರು 65 ಪ್ರತಿಶತ ಜನ ಬೇಡವೆಂದರು. ಮುಖ್ಯಸ್ಥನನ್ನು ಒಂದು ತಿಂಗಳು ಕಾಯಿಸುವುದು ಅವರಿಗೂ ಕ್ರೂರವೆನಿಸಿರಬೇಕು.

ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಮುಖ್ಯಸ್ಥರಿಗೂ ಸಾಮಾನ್ಯ ನೌಕರರಿಗೂ ನಡುವಿನ ಸಂಬಳದ ಅಂತರ 1965ರಲ್ಲಿ ಸುಮಾರು 21 ಪಟ್ಟು ಇತ್ತು, 2023ರಲ್ಲಿ ಸುಮಾರು 290 ಪಟ್ಟು ಆಗಿದೆ ಎಂದು ಅಲ್ಲಿನ ಎಕನಾಮಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಲೆಕ್ಕ ಹಾಕಿದೆ. ವರ್ಷದಲ್ಲಿ ಕೆಲಸದ ದಿನಗಳೇ 260. ಅಂದರೆ ಮುಖ್ಯಸ್ಥರು ವರ್ಷದ ಮೊದಲ ದಿನ ಕೋಟು ಹಾಕಿಕೊಂಡು ಮನೆಗೆ ಹೊರಡುವ ಮುನ್ನವೇ, ತಮಗಾಗಿ ಬಾಗಿಲು ತೆರೆದು ಹಿಡಿದವನ ಇಡೀ ವರ್ಷದ ಸಂಬಳವನ್ನು ದುಡಿದು ಮುಗಿಸಿರುತ್ತಾರೆ. ಆದರೂ ಉಳಿದ 259 ದಿನ ಅವರು ಕಚೇರಿಗೆ ಬರುತ್ತಾರಲ್ಲ, ಅದಕ್ಕೇ ಬೋನಸ್.