ಡಬ್ಬಿ ಹಾಲಿನ ಹೊರೆಯನ್ನು ತಾಯಿಯ ತಲೆಗೆ ಕಟ್ಟಬೇಡಿ

ಈಗೀಗ ಪರಿಸರದ ಲೆಕ್ಕ ಹಾಕುವವರು ಕೂಸಿನ ಹಾಲನ್ನೂ ಲೆಕ್ಕಕ್ಕೆ ತಗೊಂಡಿದ್ದಾರೆ. ತಗೊಳ್ಳಲೇಬೇಕು. ಹಸುವಿನ ಮೇವಿನಿಂದ ಹಿಡಿದು ಒಂದು ಕೆಜಿ ಹಾಲಿನ ಪುಡಿ ಆಗುವಷ್ಟರಲ್ಲಿ ಸುಮಾರು 4,700 ಲೀಟರ್ ನೀರು ಖರ್ಚಾಗುತ್ತದೆ. ಮಗು ಮೊದಲ ಆರು ತಿಂಗಳು ಬರೀ ಎದೆಹಾಲು ಕುಡಿದರೆ, ಡಬ್ಬಿ ಹಾಲಿಗೆ, ಅಂದರೆ ಅಂಗಡಿಯ ಪುಡಿ ಹಾಲಿಗೆ, ಹೋಲಿಸಿದಾಗ 95ರಿಂದ 153 ಕೆಜಿ ಇಂಗಾಲದ ಡೈಆಕ್ಸೈಡ್‌ನಷ್ಟು ಹೊರೆ ತಪ್ಪುತ್ತದೆ ಎಂದು 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು. ಎಷ್ಟೋ ಪುಡಿಗಳಿಗೆ ತಾಳೆ ಎಣ್ಣೆ, ಸೋಯಾ ಎಣ್ಣೆ ಸೇರುತ್ತದೆ, ಅದರ ಹೊರೆಯೂ ಭೂಮಿಗೇ. ರಟ್ಟಿನ ಪೆಟ್ಟಿಗೆಯೊಳಗಿನ ಆ ಬೆಳ್ಳಿ ಬಣ್ಣದ ಕವರನ್ನು ಗುಜರಿಯವರೂ ಮುಟ್ಟುವುದಿಲ್ಲ. ಬಾಟಲಿ ಕುದಿಸುವ ಗ್ಯಾಸ್ ಬೇರೆ.

ಹಾಗಂತ ಎದೆಹಾಲು ಪುಕ್ಕಟೆ ಬರುತ್ತದಾ? ಬಾಣಂತಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಊಟ ಬೇಕು, ನಿದ್ದೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮಗು ಪಕ್ಕದಲ್ಲಿ ಇರಬೇಕು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಮ್ನೆ "ಎದೆಹಾಲು ಕೊಡಿ, ಭೂಮಿ ಉಳಿಸಿ" ಅಂತ ಪೋಸ್ಟರ್ ಮಾಡಿ ಹಾಕುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕೂಸು ಅಜ್ಜಿ ಹತ್ತಿರ. ಮಧ್ಯಾಹ್ನದ ಹೊತ್ತಿಗೆ ಎದೆ ಕಲ್ಲಿನಂತಾಗಿ, ರವಿಕೆ ಒದ್ದೆಯಾಗಿ, ಬಾತ್‌ರೂಮಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಾಳೆ. ಬೇಗ ಬಾ ಅಂತ ಸೂಪರ್‌ವೈಸರ್ ಕೂಗು. ಅದೇ ಹೊತ್ತಿಗೆ ಮನೆಯಲ್ಲಿ ಅಜ್ಜಿ ಕ್ಯಾನ್ ನೀರು ಕಾಯಿಸಿ ಪುಡಿ ಕಲಸುತ್ತಿರುತ್ತಾರೆ. ಅಮ್ಮನ ಹಾಲು ಚರಂಡಿಗೆ, ಕೂಸಿಗೆ ಅಂಗಡಿಯ ಪುಡಿ. ಈ ತಾಯಿಗೆ ಪರಿಸರದ ಪಾಠ ಹೇಳೋಕೆ ನಮಗೆ ಬಾಯಿ ಹೇಗೆ ಬರುತ್ತದೆ?

ಕಾನೂನು ಇಲ್ಲ ಅಂತಲ್ಲ. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಅದರಲ್ಲಿ ಹೆರಿಗೆಗೆ ಮುಂಚೆಯೇ 8 ವಾರ ತಗೊಂಡವರಿಗೆ ಆಮೇಲೆ ಉಳಿಯುವುದು 18 ವಾರ. ಆದರೆ ಬರೀ ಎದೆಹಾಲು ಕೊಡಿ ಅಂತ ಡಾಕ್ಟರು ಹೇಳುವುದು ಆರು ತಿಂಗಳು! ಮನೆಗೆಲಸದವರಿಗೆ, ಕಟ್ಟಡ ಕೆಲಸದವರಿಗೆ ಈ ರಜೆ ಸಿಗುವುದೇ ಅಪರೂಪ. ಕೇಂದ್ರ ಸರ್ಕಾರದ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಸಿಗುತ್ತದೆ, ಅಷ್ಟರಲ್ಲಿ ಎಷ್ಟು ದಿನ ಕೂಲಿ ಬಿಟ್ಟು ಕೂರಬಹುದು ಹೇಳಿ.

50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಅಂತಲೂ ಕಾನೂನು ಇದೆ. ಸರಿ, ಬೆಳಗ್ಗೆ ತುಂಬಿದ ಬಸ್ಸಿನಲ್ಲಿ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಹೋಗುವುದು ಹೇಗೆ? ಕೇಂದ್ರ ಮನೆ ಹತ್ತಿರವೂ ಬೇಕು. ಫ್ಯಾಕ್ಟರಿಯಲ್ಲಿ ಹಾಲು ತೆಗೆದಿಡಲು ಒಂದು ಶುಚಿಯಾದ ಕೋಣೆ, ಒಂದು ಫ್ರಿಜ್ ಬೇಕು. ತೆಗೆದ ಹಾಲು ಫ್ರಿಜ್‌ನಲ್ಲಿ ನಾಲ್ಕು ದಿನ ಕೆಡುವುದಿಲ್ಲ.

ಕಾಯಿಲೆಯಿಂದಲೋ ಹಾಲು ಸಾಲದೆಯೋ ಡಬ್ಬಿ ಹಾಲು ಕೊಡುವ ಅಮ್ಮಂದಿರು ಇದ್ದೇ ಇರುತ್ತಾರೆ, ಅವರನ್ನು ದಯವಿಟ್ಟು ಯಾರೂ ಪ್ರಶ್ನೆ ಮಾಡಬೇಡಿ. ಕೇಳುವುದಿದ್ದರೆ ನಿಮ್ಮ ಕಂಪನಿಯ ಎಚ್‌ಆರ್‌ನವರನ್ನು ಕೇಳಿ, ಆ ಕೋಣೆ ಎಲ್ಲಿದೆ ಅಂತ.